ಹಸಿ ಗಾರೆಯ ಮೇಲೊಬ್ಬ ಸಂತ

1228ರ ಜುಲೈ 16ರಂದು ಪೋಪ್ ಒಂಬತ್ತನೇ ಗ್ರೆಗೊರಿ ಅಸೀಸಿಯಲ್ಲಿ ಫ್ರಾನ್ಸಿಸ್‌ನನ್ನು ಸಂತನೆಂದು ಸಾರಿದರು. ಮರುದಿನವೇ ಊರಿನ ಪಡುವಣ ಅಂಚಿನ ಗುಡ್ಡದ ಮೇಲೆ ಅವನ ಹೆಸರಿನ ಚರ್ಚಿಗೆ ಅಡಿಗಲ್ಲು ಬಿತ್ತು. ಫ್ರಾನ್ಸಿಸ್ ತೀರಿಕೊಂಡು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಊರಿನ ಬಟ್ಟೆ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೊನೆಯ ಮಗ ಅವನು. ಬಿಷಪ್ಪನ ಎದುರಿಗೆ, ಜನ ಸೇರಿದ್ದಲ್ಲೇ, ಮೈಮೇಲಿನ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿ ಹೊರಟವನು. ತನ್ನ ಹಿಂದೆ ಬಂದವರಿಗೆ ಮನೆಯಾಗಲಿ ಜಾಗವಾಗಲಿ ಯಾವುದನ್ನೂ ತಮ್ಮದೆನ್ನಬೇಡಿ ಎಂದು ನಿಯಮ ಬರೆದುಕೊಟ್ಟವನು. ಸಾಯುವ ಹೊತ್ತಿಗೆ ಬರಿನೆಲದ ಮೇಲೆ ಮಲಗಿಸಿ ಎಂದು ಕೇಳಿಕೊಂಡವನು. ಅಂಥವನ ಮೂಳೆಗಳ ಮೇಲೆ ಇಟಲಿಯ ಅತಿ ವೈಭವದ ಚರ್ಚುಗಳಲ್ಲಿ ಒಂದು ಎದ್ದು ನಿಂತಿತು.

ಈ ವಿರೋಧವನ್ನು ಆ ಕಾಲದವರೂ ಕಂಡಿದ್ದರು. ಕಟ್ಟಡದ ಹೊಣೆ ಹೊತ್ತವನು ಫ್ರಾನ್ಸಿಸ್‌ನ ಒಡನಾಡಿ, ಬ್ರದರ್ ಎಲಿಯಾಸ್. ಕಾಣಿಕೆ ಹಾಕಲೆಂದು ಅವನು ಇಡಿಸಿದ್ದ ಅಮೃತಶಿಲೆಯ ಪಾತ್ರೆಯನ್ನು ಇನ್ನೊಬ್ಬ ಒಡನಾಡಿ ಲಿಯೊ ಒಡೆದುಹಾಕಿದನಂತೆ. ಫ್ರಾನ್ಸಿಸ್‌ನ ಸನ್ಯಾಸಿ ಸಂಘದವರೇ ಹೇಳಿಕೊಂಡು ಬಂದ ಕಥೆಯಿದು. 1260ರಲ್ಲಿ ನಾರ್ಬೊನ್‌ನಲ್ಲಿ ಸೇರಿದ ಫ್ರಾನ್ಸಿಸ್ಕನ್ನರ ಮಹಾಸಭೆ, ಬಲಿಪೀಠದ ಮೇಲ್ಭಾಗವೊಂದನ್ನು ಬಿಟ್ಟು ತಮ್ಮ ಚರ್ಚುಗಳಿಗೆ ಕಮಾನಿನ ಚಾವಣಿ ಕೂಡದೆಂದು ವಿಧಿಸಿತು. ಅಸೀಸಿಯಲ್ಲಿ ಆ ವೇಳೆಗಾಗಲೇ ಎರಡು ಅಂತಸ್ತು ತುಂಬ ಕಮಾನುಗಳಿದ್ದವು. 1230ರಲ್ಲೇ ಪೋಪ್ ಈ ಚರ್ಚನ್ನು ಸಂಘದ ತಲೆ ಮತ್ತು ತಾಯಿ ಎಂದು ಕರೆದು ತಮ್ಮ ನೇರ ಆಶ್ರಯಕ್ಕೆ ತೆಗೆದುಕೊಂಡಿದ್ದರು. ಭಿಕ್ಷುಕ ಸಂತನ ಸಮಾಧಿ ರೋಮಿನ ಆಸ್ತಿಯಾಯಿತು.

ಆದರೂ ಈ ಚರ್ಚಿನ ಬಗ್ಗೆ ಬರೆಯುವಾಗ ಆ ವಿರೋಧದ ಹತ್ತಿರವೇ ನಿಂತುಬಿಡುವುದು ನನಗೆ ಸರಿಯೆನಿಸುವುದಿಲ್ಲ. ಕಟ್ಟಡ ಫ್ರಾನ್ಸಿಸ್ ಬೇಡವೆಂದ ಬಗೆಯದು, ನಿಜ. ಆದರೆ ಅದರ ಗೋಡೆಗಳ ಮೇಲೆ ಕೆಲಸ ಮಾಡಿದ ಚಿತ್ರಕಾರರು ನೂರು ವರ್ಷದೊಳಗೆ ಕಣ್ಣನ್ನು ಚಿನ್ನದ ಆಕಾಶದಿಂದ ಇಳಿಸಿ ಬೀದಿಗೆ, ಅಡುಗೆಮನೆಗೆ, ನೀರಿಗೆ ಬಾಯೊಡ್ಡಿದ ದಾರಿಹೋಕನ ಕಡೆಗೆ ತಿರುಗಿಸಿದರು. ಹಕ್ಕಿಯನ್ನು ತಂಗಿಯೆಂದು, ಬೆಂಕಿಯನ್ನು ಅಣ್ಣನೆಂದು ಕರೆದವನ ಕಥೆ ಬರೆಯಹೊರಟವರಿಗೆ ಬೇರೆ ದಾರಿಯೂ ಇರಲಿಲ್ಲ. ಫ್ರಾನ್ಸಿಸ್ ಈ ಚರ್ಚಿನೊಳಗೆ ಬಂದದ್ದು ಆ ಗಾರೆಯ ಮೂಲಕ.

ಅಸೀಸಿ ಇರುವುದು ನಡು ಇಟಲಿಯ ಉಂಬ್ರಿಯಾ ಸೀಮೆಯಲ್ಲಿ, ಸುಬಾಸಿಯೊ ಬೆಟ್ಟದ ಇಳಿಜಾರಿನಲ್ಲಿ. ಅದೇ ಬೆಟ್ಟದ ಬಿಳಿ ಮತ್ತು ನಸುಗೆಂಪು ಕಲ್ಲಿನಲ್ಲಿ ಊರೂ ಚರ್ಚೂ ಎದ್ದಿವೆ. ಚರ್ಚಿಗೆ ಸಿಕ್ಕ ಗುಡ್ಡ ಹಿಂದೆ ಮರಣದಂಡನೆಯ ಜಾಗವಾಗಿತ್ತೆಂದೂ, ನರಕದ ಗುಡ್ಡವೆಂದು ಜನ ಕರೆಯುತ್ತಿದ್ದರೆಂದೂ ಪ್ರತೀತಿ. ಸಂತ ಬಂದು ಮಲಗಿದ ಮೇಲೆ ಅದು ಸ್ವರ್ಗದ ಗುಡ್ಡವಾಯಿತು. ಇಳಿಜಾರು ಕಡಿದಾದ್ದರಿಂದ ಮೊದಲು ಭಾರೀ ಆಸರೆಗೋಡೆಗಳನ್ನು ಎಬ್ಬಿಸಬೇಕಾಯಿತು. ದೂರದ ಬಯಲಿನಿಂದ ನೋಡಿದರೆ ಕಾಣುವುದು ಚರ್ಚಿಗಿಂತ ಹೆಚ್ಚಾಗಿ ಕೋಟೆ.

ಒಂದರ ಮೇಲೊಂದು ಎರಡು ಚರ್ಚುಗಳು ಇಲ್ಲಿವೆ. ಕೆಳಗಿನದು ತಗ್ಗು, ದಪ್ಪ ಗೋಡೆ, ಅಗಲವಾದ ಗುಂಡು ಕಮಾನು, ನಡುಹಗಲಲ್ಲೂ ಮಬ್ಬು. ಸಮಾಧಿಯ ಮೇಲೆ ಕವಿದುಕೊಂಡಿರುವುದೇ ಅದರ ಕೆಲಸ. 1230ರ ಮೇ 25ರಂದು ಫ್ರಾನ್ಸಿಸ್‌ನ ದೇಹವನ್ನು ಇಲ್ಲಿಗೆ ತಂದಾಗ ಯಾರೂ ಕದ್ದೊಯ್ಯದಂತೆ ಬಲಿಪೀಠದ ಅಡಿಯ ಬಂಡೆಯಲ್ಲಿ ಆಳಕ್ಕೆ ಇಳಿಸಿ ಮುಚ್ಚಿದರು. ಸಂತರ ಅವಶೇಷಕ್ಕಾಗಿ ಊರುಗಳು ಊರುಗಳ ಮೇಲೆ ಬೀಳುತ್ತಿದ್ದ ಕಾಲ ಅದು. ಎಷ್ಟು ಚೆನ್ನಾಗಿ ಮುಚ್ಚಿದರೆಂದರೆ ಆಮೇಲೆ ಸಮಾಧಿ ಎಲ್ಲಿದೆಯೆಂಬುದೇ ಮರೆತುಹೋಯಿತು. 1818ರಲ್ಲಿ ಐವತ್ತೆರಡು ರಾತ್ರಿ ಗುಟ್ಟಾಗಿ ಅಗೆದ ಮೇಲೆ ಕಲ್ಲಿನ ಪೆಟ್ಟಿಗೆ ಸಿಕ್ಕಿತು. ಈಗ ಭಕ್ತರು ಇಳಿದುಹೋಗುವ ನೆಲಮಾಳಿಗೆಯ ಬೋಳು ಕಲ್ಲಿನ ರೂಪ 1920-30ರ ದಶಕದ್ದು.

ಮೇಲಿನ ಚರ್ಚು ಎತ್ತರ, ಬೆಳಕು. ನಡುವೆ ಕಂಬಸಾಲುಗಳಿಲ್ಲದ ಒಂದೇ ಉದ್ದನೆಯ ಪಡಸಾಲೆ, ಅದರ ಮೇಲೆ ನಾಲ್ಕು ಅಂಕಣಗಳ ಚೂಪುಗಮಾನಿನ ಚಾವಣಿ, ಕೊನೆಯಲ್ಲಿ ಶಿಲುಬೆಯ ತೋಳುಗಳಂತೆ ಎರಡು ಕಡೆ ಚಾಚಿದ ಕೋಣೆಗಳು. ಗಾಥಿಕ್ ಶೈಲಿ ಫ್ರಾನ್ಸಿನಿಂದ ಬಂದದ್ದು. ಆದರೆ ಅಲ್ಲಿನ ಮಹಾಚರ್ಚುಗಳಲ್ಲಿ ಗೋಡೆಯನ್ನೆಲ್ಲ ಕರಗಿಸಿ ಬಣ್ಣದ ಗಾಜು ತುಂಬುತ್ತಿದ್ದರು. ಅಸೀಸಿಯಲ್ಲಿ ಕಿಟಕಿಗಳು ಮೇಲೆ ಸರಿದುಕೊಂಡು ಕೆಳಗೆ ಅಗಲವಾದ ಗೋಡೆ ಬಿಟ್ಟುಕೊಟ್ಟಿವೆ. ಈ ಒಂದು ತೀರ್ಮಾನ ಇಲ್ಲದಿದ್ದರೆ ಯುರೋಪಿನ ಚಿತ್ರಕಲೆಯ ಚರಿತ್ರೆ ಬೇರೆ ದಾರಿ ಹಿಡಿಯುತ್ತಿತ್ತೆಂದೇ ನನಗನಿಸುತ್ತದೆ. 1253ರಲ್ಲಿ ಪೋಪ್ ನಾಲ್ಕನೇ ಇನ್ನೊಸೆಂಟ್ ಚರ್ಚನ್ನು ಪ್ರತಿಷ್ಠಾಪಿಸಿದಾಗ ಆ ಗೋಡೆಗಳು ಬಹುಪಾಲು ಖಾಲಿಯಿದ್ದವು.

ಮೊದಲು ಬಣ್ಣ ಕಂಡದ್ದು ಕೆಳಗಿನ ಚರ್ಚು, ಸುಮಾರು 1260ರಲ್ಲಿ. ಹೆಸರು ಉಳಿಯದ ಆ ಚಿತ್ರಕಾರನನ್ನು ವಿದ್ವಾಂಸರು ‘ಸಂತ ಫ್ರಾನ್ಸಿಸ್‌ನ ಮೇಷ್ಟ್ರು’ ಎಂದೇ ಗುರುತಿಸುತ್ತಾರೆ. ಒಂದು ಗೋಡೆಯ ಮೇಲೆ ಕ್ರಿಸ್ತನ ಯಾತನೆಯ ಕಥೆ, ಎದುರುಗೋಡೆಯ ಮೇಲೆ ಫ್ರಾನ್ಸಿಸ್‌ನ ಕಥೆ. ಇವನು ಎರಡನೆಯ ಕ್ರಿಸ್ತ ಎಂದು ಬಾಯಿಬಿಟ್ಟು ಹೇಳದೆ ಎದುರುಬದುರು ನಿಲ್ಲಿಸಿ ತೋರಿಸಿದ್ದು. ಆದರೆ ಇನ್ನೂ ಆ ಶತಮಾನ ಮುಗಿಯುವ ಮೊದಲೇ ಶ್ರೀಮಂತ ಮನೆತನಗಳೂ ಕಾರ್ಡಿನಲ್‌ಗಳೂ ತಂತಮ್ಮ ಪ್ರಾರ್ಥನಾ ಕೋಣೆಗಳನ್ನು ಕಟ್ಟಿಸಿಕೊಳ್ಳಲು ಆ ಗೋಡೆಗಳನ್ನೇ ಕೊರೆಸತೊಡಗಿದರು. ಚಿತ್ರಗಳ ನಡುಭಾಗವೇ ಹೋಯಿತು. ಶಿಲುಬೆಯಿಂದ ಇಳಿಸುವ ದೃಶ್ಯದಲ್ಲಿ ಅರ್ಧ ದೇಹ, ಸುತ್ತ ನಿಂತವರಲ್ಲಿ ಒಂದಿಷ್ಟು ಮುಖಗಳು ಕಮಾನಿನ ಅಂಚಿಗೆ ತೂಗಿಕೊಂಡಿವೆ.

ಮೇಲಿನ ಚರ್ಚಿನ ಬಲಿಪೀಠದ ಸುತ್ತಲಿನ ಗೋಡೆಗಳಿಗೆ ಫ್ಲಾರೆನ್ಸಿನ ಚಿಮಾಬುಯೆ ಬಂದ. ಯಾವಾಗ ಬಂದನೆಂದು ಊಹಿಸಲು ಅವನೇ ಒಂದು ಸುಳಿವು ಬಿಟ್ಟಿದ್ದಾನೆ. ನಡುವಿನ ಚಾವಣಿಯ ನಾಲ್ಕು ಪಾಲಿನಲ್ಲಿ ನಾಲ್ವರು ಸುವಾರ್ತೆಗಾರರು ಕೂತಿದ್ದಾರೆ. ಮಾರ್ಕನ ಎದುರಿಗೆ ‘ಇಟಾಲಿಯಾ’ ಎಂದು ಬರೆದು ರೋಮ್ ನಗರವನ್ನೇ ಒತ್ತೊತ್ತಾಗಿ ಚಿತ್ರಿಸಿದೆ. ಅಲ್ಲಿನ ಒಂದು ಕಟ್ಟಡದ ಮೇಲೆ ಒರ್ಸಿನಿ ಮನೆತನದ ಲಾಂಛನವಿದೆ. ಒರ್ಸಿನಿ ಮನೆತನದ ಮೂರನೇ ನಿಕೊಲಾಸ್ ಪೋಪ್ ಆಗಿದ್ದದ್ದು 1277ರಿಂದ 1280ರವರೆಗೆ. ಎಲ್ಲರೂ ಇದನ್ನೇ ಕೊನೆಯ ಮಾತೆಂದು ಒಪ್ಪಿಲ್ಲ, ಆದರೆ ಸುಳಿವು ಬಲವಾದದ್ದೇ.

ಚಿಮಾಬುಯೆ ಬರೆದ ಶಿಲುಬೆಯ ಚಿತ್ರದ ಎದುರು ನಿಂತವರು ಮೊದಲು ಗಲಿಬಿಲಿಗೊಳ್ಳುತ್ತಾರೆ. ಫೋಟೊದ ನೆಗೆಟಿವ್ ಹಾಗೆ ಬೆಳಕಿರಬೇಕಾದಲ್ಲಿ ಕಪ್ಪು, ನೆರಳಿರಬೇಕಾದಲ್ಲಿ ಮಾಸಲು ಹಳದಿ. ಮುಖಗಳೆಲ್ಲ ಕರಕಲು. ಇದಕ್ಕೆ ಕಾರಣ ಆತ ಬಳಸಿದ ಸೀಸದ ಬಿಳಿ. ಕಾಲಾಂತರದಲ್ಲಿ ಅದು ರಾಸಾಯನಿಕವಾಗಿ ಬದಲಾಗಿ ಕಪ್ಪಾಯಿತು. ಅವನು ಎಲ್ಲೆಲ್ಲಿ ಹೊಳಪು ಕೊಟ್ಟಿದ್ದನೋ ಅಲ್ಲೆಲ್ಲ ಈಗ ಕತ್ತಲು.

ಇದು ಅರ್ಥವಾಗಬೇಕಾದರೆ ಗಾರೆಯ ಕೆಲಸ ತಿಳಿಯಬೇಕು. ಸುಣ್ಣದ ಕಲ್ಲನ್ನು ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ ಗೋಡೆಗೆ ಮೊದಲು ಒರಟು ಗಾರೆ, ಅದರ ಮೇಲೆ ನುಣುಪು ಗಾರೆ ಬಳಿಯುತ್ತಾರೆ. ನುಣುಪು ಗಾರೆ ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದರೆ ಅದು ಒಳಕ್ಕೆ ಇಳಿಯುತ್ತದೆ. ಗಾರೆ ಒಣಗುತ್ತ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ, ಬಣ್ಣದ ಕಣಗಳು ಅದರೊಳಗೆ ಸೆರೆಯಾಗುತ್ತವೆ. ಅಂಟು ಬೇಕಿಲ್ಲ; ಚಿತ್ರ ಗೋಡೆಯ ಮೈಯೇ ಆಗಿಬಿಡುತ್ತದೆ. ಆದರೆ ಎಲ್ಲ ಬಣ್ಣಗಳೂ ಸುಣ್ಣಕ್ಕೆ ಒಗ್ಗುವುದಿಲ್ಲ. ಸೀಸದ ಬಿಳಿ ಒಗ್ಗುವುದಿಲ್ಲ, ತಾಮ್ರದ ಅದಿರಿನಿಂದ ಮಾಡುವ ನೀಲಿಯೂ ಒಗ್ಗುವುದಿಲ್ಲ. ಅಂಥವನ್ನು ಒಣಗೋಡೆಯ ಮೇಲೆ ಅಂಟು ಸೇರಿಸಿ ಹಚ್ಚುತ್ತಿದ್ದರು, ಅವು ಉದುರುತ್ತಿದ್ದವು. ಹಳೆಯ ಭಿತ್ತಿಚಿತ್ರಗಳಲ್ಲಿ ಮೇರಿಯ ನೀಲಿ ಸೆರಗು ಎಷ್ಟೋ ಕಡೆ ಬೂದಿಬಣ್ಣಕ್ಕೆ ತಿರುಗಿರುವುದರ ಗುಟ್ಟು ಇಷ್ಟೇ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿದವರಿಗೆ ಈ ಕಸುಬು ತೀರ ಹೊಸದಲ್ಲ. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಜೆಸ್ವಿಟ್ ಬ್ರದರ್ ಆಂತೋನಿಯೊ ಮೊಸ್ಕೇನಿ 19ನೇ ಶತಮಾನದ ಕೊನೆಗೆ ಅಲ್ಲಿನ ಗೋಡೆಗಳ ಮೇಲೆ ಇದೇ ಹಸಿ ಗಾರೆಯ ಪದ್ಧತಿಯಲ್ಲಿ ಚಿತ್ರ ಬರೆದ. ಅಸೀಸಿಯ ಸಾರುವೆಗಳ ಮೇಲೆ ಪಳಗಿದ ವಿದ್ಯೆ ಆರುನೂರು ವರ್ಷ ಕಳೆದು ನಮ್ಮ ಕರಾವಳಿಯ ತೇವದ ಗಾಳಿಯಲ್ಲೂ ಹಿಡಿದು ನಿಂತಿದೆ.

ಚಿಮಾಬುಯೆಯ ಕಾಲಕ್ಕೆ ಸಾರುವೆಯ ಒಂದು ಹಂತದ ಉದ್ದಕ್ಕೂ ಅಗಲವಾಗಿ ಗಾರೆ ಬಳಿದು, ಅದು ಒಣಗತೊಡಗಿದ ಮೇಲೂ ಬರೆಯುವುದು ರೂಢಿ. ಮುಂದೆ ಬಂದವರು ಅದನ್ನು ಬದಲಿಸಿದರು. ಒಂದು ದಿನದಲ್ಲಿ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುವುದು, ಒಂದು ತಲೆಗೆ ಒಂದು ದಿನ, ಬರಿಯ ಆಕಾಶಕ್ಕಾದರೆ ಅಗಲವಾದ ಪಾಲು. ಮಗ್ಗುಲಿನಿಂದ ದೀಪ ಹಿಡಿದರೆ ಒಂದು ದಿನದ ಗಾರೆ ಇನ್ನೊಂದು ದಿನದ ಗಾರೆಯ ಮೇಲೆ ಏರಿರುವ ಅಂಚು ಇವತ್ತಿಗೂ ಕಾಣುತ್ತದೆ. ಯಾವ ಮುಖ ಮೊದಲು, ಯಾವ ಕೈ ಆಮೇಲೆ ಎಂದು ಏಳು ಶತಮಾನದ ಹಿಂದಿನ ಕೆಲಸದ ದಿನಗಳನ್ನು ಒಂದರ ಹಿಂದೊಂದು ಓದಬಹುದು. ಮೇಲಿನ ಚರ್ಚಿನ ಪಡಸಾಲೆಯಲ್ಲಿ ಫ್ರಾನ್ಸಿಸ್‌ನ ಬದುಕಿನ 28 ಚಿತ್ರಗಳು ಬಂದದ್ದು ಹೀಗೆ, 13ನೇ ಶತಮಾನದ ಕೊನೆಯ ವರ್ಷಗಳಲ್ಲಿ.

ಆಳೆತ್ತರ ಮೀರಿದ ಈ ಚಿತ್ರಗಳು ಬಾಗಿಲ ಅಕ್ಕಪಕ್ಕ ಸೇರಿ ಪಡಸಾಲೆಯ ಕೆಳಗೋಡೆಯನ್ನು ಸುತ್ತುವರಿದಿವೆ. ಕಥೆಗೆ ಆಧಾರ 1263ರಲ್ಲಿ ಸಂಘದ ಮುಖ್ಯಸ್ಥ ಬೊನಾವೆಂಚರ್ ಬರೆದು ಒಪ್ಪಿಸಿದ ಜೀವನಚರಿತ್ರೆ. ಮೂರು ವರ್ಷದ ನಂತರ ಸಂಘ, ಹಿಂದಿನ ಜೀವನಚರಿತ್ರೆಗಳನ್ನೆಲ್ಲ ನಾಶಮಾಡಿ ಎಂದು ಆಜ್ಞೆ ಹೊರಡಿಸಿತು. ಅಂದರೆ ಈ ಗೋಡೆಯ ಮೇಲಿರುವವನು ಸಂಘ ಒಪ್ಪಿದ ಫ್ರಾನ್ಸಿಸ್. ಕುಸಿಯುತ್ತಿರುವ ರೋಮಿನ ಲ್ಯಾಟೆರನ್ ಚರ್ಚನ್ನು ಹೆಗಲು ಕೊಟ್ಟು ನಿಲ್ಲಿಸಿದವನು, ಪೋಪ್ ಮುಂದೆ ಮಂಡಿಯೂರಿ ಅಪ್ಪಣೆ ಪಡೆದವನು. ಪೆಟ್ಟಿಗೆಯಲ್ಲಿ ಹಿಡಿಯದ ಮನುಷ್ಯನನ್ನು ಪೆಟ್ಟಿಗೆಯಲ್ಲಿ ಕೂಡಿಸುವ ಪ್ರಯತ್ನ ಇಲ್ಲಿಯೂ ಇದೆ. ಆದರೆ ಚಿತ್ರಕಾರನ ಕೈ ಅದನ್ನು ದಾಟಿ ಹೋಗುತ್ತದೆ.

ಮೊದಲ ಚಿತ್ರವನ್ನೇ ನೋಡಿ. ಒಬ್ಬ ಸಾಮಾನ್ಯ ಮನುಷ್ಯ ತರುಣ ಫ್ರಾನ್ಸಿಸ್‌ನ ಕಾಲ ಬಳಿ ತನ್ನ ಹೊದಿಕೆ ಹಾಸುತ್ತಿದ್ದಾನೆ. ಹಿಂದೆ ಇರುವುದು ಅಸೀಸಿಯ ಚೌಕ, ರೋಮನ್ನರ ಕಾಲದ ಮಿನರ್ವಾ ದೇವಾಲಯ. ನಿಜವಾದ ದೇವಾಲಯಕ್ಕೆ ಆರು ಕಂಬ, ಚಿತ್ರದಲ್ಲಿ ಐದು, ಅವೂ ಸಣಕಲು. ಕಟ್ಟಡ ಆಗ ಸೆರೆಮನೆಯಾಗಿದ್ದರಿಂದ ಕಿಟಕಿಗಳಿಗೆ ಸರಳುಗಳೂ ಇವೆ. ಚಿತ್ರ ನೋಡುತ್ತಿದ್ದ ಊರಿನವರು ಅರ್ಧ ಮೈಲಿ ನಡೆದರೆ ಅದೇ ಚೌಕದಲ್ಲಿ ನಿಲ್ಲುತ್ತಿದ್ದರು. ಪವಾಡ ನಡೆದದ್ದು ಜೆರುಸಲೇಮಿನಲ್ಲಲ್ಲ, ತರಕಾರಿ ಕೊಳ್ಳಲು ಹೋಗುವ ಜಾಗದಲ್ಲಿ.

ತಂದೆಯ ಆಸ್ತಿ ತೊರೆಯುವ ಚಿತ್ರದಲ್ಲಿ ಎರಡು ಗುಂಪುಗಳ ನಡುವೆ ಖಾಲಿ ಆಕಾಶ. ಆ ಖಾಲಿಯೇ ಚಿತ್ರದ ಮಾತು. ಈ ಕಡೆ ಮಗನ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ಸಿಟ್ಟಿನಿಂದ ಮುನ್ನುಗ್ಗುವ ತಂದೆ, ಅವನ ತೋಳನ್ನು ಹಿಡಿದೆಳೆಯುವ ಪಕ್ಕದವನು. ಆ ಕಡೆ ಬೆತ್ತಲೆ ಮಗ, ಮುಜುಗರಪಡುತ್ತ ತನ್ನ ನಿಲುವಂಗಿಯಿಂದ ಅವನ ಮೈ ಮುಚ್ಚುವ ಬಿಷಪ್ಪ. ಬದಿಯಲ್ಲಿ ಅಂಗಿಯ ಚುಂಗಿನಲ್ಲಿ ಕಲ್ಲು ತುಂಬಿಕೊಂಡ ಮಕ್ಕಳು. ಕುಟುಂಬವೊಂದು ಬೀದಿಯಲ್ಲಿ ಒಡೆಯುವುದನ್ನು ಅದುವರೆಗೆ ಇಷ್ಟು ನೇರವಾಗಿ ಯಾರೂ ಗೋಡೆಗೆ ತಂದಿರಲಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಗ್ರೆಚ್ಚೊ ಊರಿನ ಚಿತ್ರ. 1223ರ ಕ್ರಿಸ್‌ಮಸ್ ರಾತ್ರಿ ಫ್ರಾನ್ಸಿಸ್ ಅಲ್ಲಿ ಗೋದಲಿ ಹೂಡಿದ. ಕ್ರಿಸ್‌ಮಸ್ ಬಂತೆಂದರೆ ಇವತ್ತು ಲೋಕದ ತುಂಬ ಗೋದಲಿ ಕಟ್ಟುವ ಪದ್ಧತಿಗೆ ಅದೇ ಮೊದಲೆಂದು ಹೆಸರುವಾಸಿ. ಚಿತ್ರಕಾರ ಅದನ್ನು ಒಂದು ಚರ್ಚಿನ ಒಳಗೆ ನಡೆಯುವಂತೆ ಬರೆದಿದ್ದಾನೆ. ನಾವು ನಿಂತಿರುವುದು ಬಲಿಪೀಠದ ಕಡೆ, ಪಾದ್ರಿಗಳ ಜಾಗದಲ್ಲಿ. ಆದ್ದರಿಂದ ಅಡ್ಡಗೋಡೆಯ ಮೇಲೆ ಜನರ ಕಡೆಗೆ ವಾಲಿಸಿ ನಿಲ್ಲಿಸಿದ ದೊಡ್ಡ ಶಿಲುಬೆಯ ಬೆನ್ನು ಮಾತ್ರ ನಮಗೆ ಕಾಣುತ್ತದೆ: ಬಣ್ಣವಿಲ್ಲದ ಹಲಗೆ, ಅಡ್ಡಪಟ್ಟಿ, ಅದನ್ನು ಹಿಡಿದು ನಿಲ್ಲಿಸಿದ ಆಸರೆ. ಪೂಜಿಸುವ ವಸ್ತುವಿನ ಬಡಗಿ ಕೆಲಸವನ್ನು ತೋರಿಸಿಯೂ ಪೂಜ್ಯತೆ ಕಡಿಮೆಯಾಗದಂತೆ ನೋಡಿಕೊಂಡ ಆ ಧೈರ್ಯ ಬೆರಗು ಹುಟ್ಟಿಸುತ್ತದೆ. ಸನ್ಯಾಸಿಗಳು ಬಾಯಿ ತೆರೆದು ಹಾಡುತ್ತಿದ್ದಾರೆ. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ಅವರು ಅಡ್ಡಗೋಡೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ.

ಬಾಗಿಲಿನ ಪಕ್ಕದ ಬುಗ್ಗೆಯ ಪವಾಡದಲ್ಲಿ ಬಾಯಾರಿದವನೊಬ್ಬ ಅಂಗಾತವಲ್ಲ, ಬೋರಲಾಗಿ ಬಂಡೆಗೆ ಮೈಚೆಲ್ಲಿ ನೀರಿಗೆ ಬಾಯೊಡ್ಡಿದ್ದಾನೆ. ಸಂತ ಪ್ರಾರ್ಥಿಸುತ್ತಿರುವುದು ಅವನಿಗೆ ಗೊತ್ತೇ ಇಲ್ಲ. 16ನೇ ಶತಮಾನದಲ್ಲಿ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಈ ಬಾಯಾರಿದವನನ್ನು ಮನಸಾರೆ ಹೊಗಳಿದ್ದಾನೆ. ಇಷ್ಟು ವರ್ಷ ಲಕ್ಷಾಂತರ ಜನ ನೋಡಿದ ಚಿತ್ರಗಳಲ್ಲೂ ಹೊಸದು ಸಿಗುತ್ತಲೇ ಇದೆ. 2011ರಲ್ಲಿ ಇತಿಹಾಸಕಾರ್ತಿ ಕಿಯಾರಾ ಫ್ರುಗೋನಿ, ಫ್ರಾನ್ಸಿಸ್‌ನ ಮರಣದ ಚಿತ್ರದ ಮೋಡಗಳಲ್ಲಿ ಅಡಗಿದ್ದ ಕೊಂಬಿನ ಪಿಶಾಚಿಯ ಮುಖವನ್ನು ಗುರುತಿಸಿದರು.

ಇವನ್ನೆಲ್ಲ ಬರೆದವನು ಫ್ಲಾರೆನ್ಸಿನ ಜೊತ್ತೊ ಎಂದು ಲೋಕ ನಂಬಿದೆ. ವಸಾರಿಯೂ ಹಾಗೇ ಬರೆದ. ಆದರೆ ಈ ಬಗ್ಗೆ ವಿದ್ವಾಂಸರಲ್ಲಿ ದೊಡ್ಡ ಜಗಳವೇ ಇದೆ. ಗಾರೆಯ ದಿನಗಳನ್ನೂ ಮುಖ ಬಣ್ಣಿಸುವ ಕ್ರಮವನ್ನೂ ಸಾರುವೆಯ ಮೇಲೆ ನಿಂತು ಪರೀಕ್ಷಿಸಿದ ಸಂರಕ್ಷಕ ಬ್ರೂನೊ ಜನಾರ್ದಿ, ಇಲ್ಲಿ ಮುಂದಾಳಾಗಿದ್ದವನು ರೋಮಿನ ಪಿಯೆತ್ರೊ ಕವಲ್ಲೀನಿ ಎಂದು ವಾದಿಸಿದರು. ಕೊನೆಯ ಕೆಲವು ಚಿತ್ರಗಳು ಮತ್ತೊಬ್ಬ ಅನಾಮಿಕನವು ಎಂಬುದನ್ನು ಹೆಚ್ಚಿನವರು ಒಪ್ಪುತ್ತಾರೆ. ಇಟಲಿಯಲ್ಲಿ ಈ ಚರ್ಚೆ ಫ್ಲಾರೆನ್ಸ್ ಮತ್ತು ರೋಮ್‌ಗಳ ಮಾನದ ಪ್ರಶ್ನೆಯೂ ಆಗುತ್ತದೆ. ಜೊತ್ತೊನ ಕೈ ಇಲ್ಲಿ ಇದೆಯೆಂದು ನಂಬುವ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಆದರೆ ಗಾರೆ ಕಲಸಿದವರು, ಬಣ್ಣ ಅರೆದವರು, ಚಿತ್ರದ ಅಂಚಿನ ತಿರುಚುಕಂಬಗಳನ್ನು ಬರೆದವರು ಸೇರಿ ಬೇರೆ ಬೇರೆ ಊರಿನ ಹತ್ತಾರು ಜನ ಇಲ್ಲಿ ಒಟ್ಟಿಗೆ ದುಡಿದರು. ಒಂದು ಹೆಸರಿಗೆ ಇಡೀ ಗೋಡೆಯನ್ನು ಕಟ್ಟಿಹಾಕುವ ಹಟಕ್ಕಿಂತ ಆ ಕೂಡುಕೆಲಸವೇ ದೊಡ್ಡದಾಗಿ ಕಾಣುತ್ತದೆ.

ಮತ್ತೆ ಕೆಳಗಿನ ಚರ್ಚಿಗೆ ಇಳಿದರೆ 14ನೇ ಶತಮಾನದ ಆರಂಭದ ಸಿಯೆನಾದವರು ಕಾಯುತ್ತಿದ್ದಾರೆ. ಕಾರ್ಡಿನಲ್ ಜೆಂತಿಲೆಗಾಗಿ ಸಿಮೊನೆ ಮಾರ್ತೀನಿ ಬರೆದ ಸಂತ ಮಾರ್ಟಿನ್ ಕೋಣೆಯಲ್ಲಿ ಎಲ್ಲವೂ ರೇಷ್ಮೆಯ ನಯ. ವೀರದೀಕ್ಷೆಯ ಚಿತ್ರದಲ್ಲಿ ಕೊಳಲೂದುವವನೂ ಇದ್ದಾನೆ. ಚೆಂದ, ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಪಿಯೆತ್ರೊ ಲೊರೆಂಜೆತ್ತಿಯ ಕೊನೆಯ ಭೋಜನ. ಕ್ರಿಸ್ತ ಮತ್ತು ಶಿಷ್ಯರು ಆರುಮೂಲೆಯ ಮಂಟಪದಲ್ಲಿ ಕೂತಿದ್ದಾರೆ. ಪಕ್ಕಕ್ಕೊಂದು ಇಕ್ಕಟ್ಟಾದ ಅಡುಗೆಮನೆ. ಒಲೆ ಧಗಧಗ ಉರಿಯುತ್ತಿದೆ, ಆಳೊಬ್ಬ ತಟ್ಟೆ ಒರೆಸುತ್ತಿದ್ದಾನೆ, ನಾಯಿ ತಟ್ಟೆಯಲ್ಲಿ ಉಳಿದದ್ದನ್ನು ನೆಕ್ಕುತ್ತಿದೆ, ಬೆಕ್ಕು ಬೆಂಕಿ ಕಾಯಿಸಿಕೊಳ್ಳುತ್ತಿದೆ. ಹೊರಗೆ ಚಂದ್ರ, ನಕ್ಷತ್ರ. ಜಗತ್ತನ್ನೇ ಬದಲಿಸುವ ಮಾತು ನಡೆಯುತ್ತಿರುವ ರಾತ್ರಿಯಲ್ಲೂ ಯಾರೋ ಪಾತ್ರೆ ತೊಳೆಯಲೇಬೇಕು ಎಂದು ಲೊರೆಂಜೆತ್ತಿಗೆ ಹೊಳೆದದ್ದು, ಕೆಲಸದವರನ್ನೂ ಪ್ರಾಣಿಗಳನ್ನೂ ತನ್ನವರೆಂದ ಫ್ರಾನ್ಸಿಸ್‌ನ ಸಮಾಧಿಯ ಪಕ್ಕದಲ್ಲೇ.

ಬಲಿಪೀಠದ ನೇರ ಮೇಲೆ ಚಾವಣಿಯಲ್ಲಿ ಫ್ರಾನ್ಸಿಸ್‌ಗೂ ಬಡತನಕ್ಕೂ ಮದುವೆ. ಬಡತನವೆಂಬ ವಧು ಹರಿದ ಬಟ್ಟೆಯಲ್ಲಿ ಮುಳ್ಳುಗಳ ನಡುವೆ ನಿಂತಿದ್ದಾಳೆ, ಕೈ ಹಿಡಿಸಿಕೊಡುತ್ತಿರುವವನು ಕ್ರಿಸ್ತ. ಮಕ್ಕಳು ಅವಳನ್ನು ಕೆಣಕಿ ಕಲ್ಲು ಬೀರುತ್ತಿದ್ದಾರೆ, ನಾಯಿ ಬೊಗಳುತ್ತಿದೆ. ಇದನ್ನು ಬರೆದಿರುವುದು ಅಪ್ಪಟ ಚಿನ್ನದ ಹಿನ್ನೆಲೆಯ ಮೇಲೆ. ಲಿಯೊ ಒಡೆದ ಕಾಣಿಕೆ ಪಾತ್ರೆಯ ಜಗಳ ಇಲ್ಲಿಗೂ ಮುಗಿದಿಲ್ಲ.

1997ರ ಸೆಪ್ಟೆಂಬರ್ 26ರಂದು ಬೆಳಕು ಹರಿಯುವ ಮೊದಲೇ ಉಂಬ್ರಿಯಾ ನಡುಗಿತು. ಹಾನಿ ನೋಡಲೆಂದು ಬೆಳಿಗ್ಗೆ ಸನ್ಯಾಸಿಗಳೂ ಸರ್ಕಾರದ ತಂತ್ರಜ್ಞರೂ ಮೇಲಿನ ಚರ್ಚಿನೊಳಗೆ ಇದ್ದಾಗ, 11 ಗಂಟೆ 40ರ ಸುಮಾರಿಗೆ ಇನ್ನೂ ಜೋರಾದ ಎರಡನೇ ಕಂಪನ ಬಂತು. ಬಾಗಿಲ ಬಳಿಯ ಚಾವಣಿಯೂ ಬಲಿಪೀಠದ ಮೇಲಿದ್ದ ಚಿಮಾಬುಯೆಯ ಮತ್ತಾಯನ ಪಾಲೂ ಕುಸಿದು ಬಿದ್ದವು. ಇಬ್ಬರು ಸನ್ಯಾಸಿಗಳು, ಇಬ್ಬರು ತಂತ್ರಜ್ಞರು ಸತ್ತರು. ಒಳಗಿದ್ದ ಕ್ಯಾಮೆರಾದಲ್ಲಿ ಸೆರೆಯಾದ ಆ ಧೂಳಿನ ದೃಶ್ಯವನ್ನು ಜಗತ್ತೆಲ್ಲ ಟಿ.ವಿ.ಯಲ್ಲಿ ನೋಡಿತು. ಗೋಡೆಯ ಮೇಲಿನ 28 ಚಿತ್ರಗಳು ಉಳಿದವು.

ಕುಸಿತಕ್ಕೆ ಒಂದು ದೊಡ್ಡ ಕಾರಣ ಚಾವಣಿಯ ಮೇಲೆಯೇ ಇತ್ತು. ಶತಮಾನಗಳಿಂದ ಸೂರು ದುರಸ್ತಿಯಾದಾಗಲೆಲ್ಲ ಒಡೆದ ಹೆಂಚು, ಗಾರೆ, ಕಲ್ಲುಗಳನ್ನು ಕೆಳಗಿಳಿಸದೆ ಕಮಾನುಗಳ ಬೆನ್ನಿನ ತಗ್ಗುಗಳಿಗೆ ಸುರಿದಿದ್ದರು. ನಡುಗಿದಾಗ ಆ ರಾಶಿ ಒಂದು ಕಡೆ ಸರಿದು ಕಮಾನಿನ ಆಕಾರವನ್ನೇ ಕೆಡಿಸಿತು. ಎಂಜಿನಿಯರ್ ಜಾರ್ಜಿಯೊ ಕ್ರೋಚಿಯವರ ತಂಡ ಮೊದಲು ಆ ರಾಶಿಯನ್ನೆಲ್ಲ ತೆಗೆಯಿತು. ಆಮೇಲೆ ಕಮಾನುಗಳ ಬೆನ್ನ ಮೇಲೆ ಮರ ಮತ್ತು ಅರಾಮಿಡ್ ನಾರಿನಿಂದ ಮಾಡಿದ ತೆಳು ಪಕ್ಕೆಲುಬುಗಳನ್ನು ಕೂಡಿಸಿತು. ಶಿಲುಬೆ ತೋಳಿನ ತುದಿಯ ಮುಕ್ಕೋಣ ಗೋಡೆಯನ್ನು ಸೂರಿಗೆ ಬಿಗಿಯಲು, ಎಳೆದರೂ ಮತ್ತೆ ಮೊದಲಿನ ಆಕಾರಕ್ಕೆ ಮರಳುವ ವಿಶೇಷ ಮಿಶ್ರಲೋಹದ ಕೊಂಡಿಗಳನ್ನು ಬಳಸಿತು. ಇದ್ಯಾವುದೂ ಕೆಳಗೆ ನಿಂತವರಿಗೆ ಕಾಣುವುದಿಲ್ಲ. 1999ರ ನವೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು.

ಚಿತ್ರಗಳ ಕೆಲಸ ಅಷ್ಟಕ್ಕೆ ಮುಗಿಯಲಿಲ್ಲ. ಅವಶೇಷದಿಂದ ಸ್ವಯಂಸೇವಕರೂ ತಜ್ಞರೂ ಆರಿಸಿದ ಬಣ್ಣದ ಚೂರುಗಳು ಮೂರು ಲಕ್ಷದಷ್ಟು, ಎಷ್ಟೋ ಚೂರುಗಳು ಉಗುರಿಗಿಂತ ಸಣ್ಣವು. ರೋಮಿನ ಕೇಂದ್ರ ಸಂರಕ್ಷಣಾ ಸಂಸ್ಥೆಯ ಜುಸೆಪ್ಪೆ ಬಸೀಲೆ ಈ ಕೆಲಸದ ಮುಂದಾಳು. ಹಳೆಯ ಫೋಟೊಗಳನ್ನು ಮೂಲದಷ್ಟೇ ದೊಡ್ಡದಾಗಿ ಮುದ್ರಿಸಿ ಮೇಜಿನ ಮೇಲೆ ಹಾಸಿ, ಒಂದೊಂದೇ ಚೂರನ್ನು ಅದರ ಜಾಗ ಹುಡುಕಿ ಇಟ್ಟರು. ಬಾಗಿಲ ಬಳಿಯ ಕಮಾನಿನ ಸಂತರು ಮೊದಲು ಮರಳಿದರು, ಆಮೇಲೆ ಸಂತ ಜೆರೋಮ್. ಮತ್ತಾಯನ ಚೂರುಗಳು ಸುಮಾರು 1,20,000. ಬಣ್ಣ ಮಾಸಿ, ಪುಡಿಪುಡಿಯಾಗಿದ್ದ ಅವನ್ನು ಹೊಂದಿಸಲು ಕಂಪ್ಯೂಟರಿನ ನೆರವೂ ಬೇಕಾಯಿತು. 2006ರಲ್ಲಿ ಅವು ಚಾವಣಿಗೆ ಏರಿದಾಗ ಚಿತ್ರದ ಒಂದು ಪಾಲು ಮಾತ್ರ ಕೂಡಿಬಂದಿತ್ತು.

ಉಳಿದ ಜಾಗವನ್ನು ಅವರು ಹೊಸ ಬಣ್ಣದಲ್ಲಿ ಬರೆದು ತುಂಬಿಸಲಿಲ್ಲ. ಫೋಟೊ ಇತ್ತು, ನುರಿತ ಕೈಗಳಿದ್ದವು. ಮನಸ್ಸು ಮಾಡಿದ್ದರೆ ಬಿರುಕೇ ಕಾಣದಂತೆ ಮತ್ತಾಯನನ್ನು ಮತ್ತೆ ಬರೆಯಬಹುದಿತ್ತು. ಚಿಮಾಬುಯೆ ಹಚ್ಚಿದ್ದನ್ನು ಮಾತ್ರ ಇಟ್ಟು, ಇಲ್ಲದ ಕಡೆ ಇಲ್ಲವೆಂದು ಕಾಣುವಂತೆ ಬಿಟ್ಟದ್ದು ಆ ಸಂರಕ್ಷಕರ ಅತ್ಯಂತ ಕಠಿಣ ತೀರ್ಮಾನವೆಂದು ನಾನು ಭಾವಿಸುತ್ತೇನೆ, ಅಷ್ಟೇ ಸರಿಯಾದದ್ದೂ ಹೌದು.